ಅಂಜಿನಯ್ಯನ ಕಿವಿ

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಹಿಂದಿನ ಸಾಲಿನಲ್ಲಿ ಅಂಜಿನಯ್ಯನ ಶೆಡ್ಡು ಎಲ್ಲಿದೆ ಎಂದು ಕೇಳಿ ನೋಡಿ, ಯಾರೂ ನಂಬರು ಹೇಳುವುದಿಲ್ಲ. "ಕಿವಿ ಅಂಜಿನಯ್ಯನಾ? ಸೀದಾ ಹೋಗಿ, ಕೊನೇ ಶೆಡ್ಡು" ಎನ್ನುತ್ತಾರೆ. ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿದ ದೊಡ್ಡ ಹೆಸರೊಂದು ಇದೆ. ಅದನ್ನು ಬರೆದ ಪೇಂಟರನ್ನು ಬಿಟ್ಟರೆ ಬೇರೆ ಯಾರೂ ಓದಿದ ಹಾಗಿಲ್ಲ. ಬಗ್ಗಿದ ಕಬ್ಬಿಣವನ್ನು ಪ್ರೆಸ್ಸಿನಲ್ಲಿಟ್ಟು ನೆಟ್ಟಗೆ ಮಾಡುವವರು ಆ ಸಾಲಿನಲ್ಲೇ ನಾಲ್ಕು ಜನರಿದ್ದಾರೆ. ನೆಟ್ಟಗಾದ ಮೇಲೆ ಅದು ಒಳಗೆ ಗಟ್ಟಿಯಾಗಿದೆಯೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯೋ ಎಂದು ಹೇಳಬಲ್ಲವನು ಮಾತ್ರ ಇವನೊಬ್ಬನೇ.

ಅವನ ಪದ್ಧತಿ ಹೀಗೆ. ಶೆಡ್ಡಿನ ತೊಲೆಯಿಂದ ಒಂದು ತಂತಿ ಇಳಿಬಿದ್ದಿದೆ. ಸಾಮಾನನ್ನು ಅದಕ್ಕೆ ತೂಗುಹಾಕಿ, ಅಂಗೈಯಗಲದ ಸುತ್ತಿಗೆ ಹಿಡಿದು, ಎಡಗೈ ಮೇಲೆತ್ತುತ್ತಾನೆ. ಕೈ ಎದ್ದದ್ದು ಕಂಡ ಕೂಡಲೇ ಪಕ್ಕದ ಶೆಡ್ಡಿನ ಶ್ಯಾಮಸುಂದರ ತನ್ನ ಲೇತ್ ನಿಲ್ಲಿಸುತ್ತಾನೆ. ಎದುರಿನವರು ಗ್ರೈಂಡರ್ ಆರಿಸುತ್ತಾರೆ. ಅರ್ಧ ನಿಮಿಷ ಇಡೀ ಸಾಲು ಬಾಯಿ ಮುಚ್ಚಿಕೊಳ್ಳುತ್ತದೆ. ಅಂಜಿನಯ್ಯ ಕಣ್ಣು ಮುಚ್ಚಿ ಒಂದೇ ಒಂದು ಪೆಟ್ಟು ಹಾಕುತ್ತಾನೆ. ಆ ಸದ್ದು ಎಷ್ಟು ದೂರ ಎಳೆಯುತ್ತದೆ, ಕೊನೆಯಲ್ಲಿ ಎಲ್ಲಿ ಸಾಯುತ್ತದೆ ಎಂದು ಕೇಳಿಸಿಕೊಂಡು "ಗಟ್ಟಿ" ಎನ್ನುತ್ತಾನೆ, ಇಲ್ಲವೇ "ಒಡಕು" ಎನ್ನುತ್ತಾನೆ. ನಲವತ್ತು ವರ್ಷದಿಂದ ಆ ಎರಡೇ ಮಾತು. ಅದರ ಮೇಲೆ ಯಾರೂ ಇನ್ನೊಂದು ಮಾತಾಡಿದ್ದಿಲ್ಲ.

ಇಂಥ ಕಿವಿ ಒಂದು ವರ್ಷದಿಂದ ಸರಿಯಿಲ್ಲ ಎಂಬುದು ಅಂಜಿನಯ್ಯನಿಗೆ ಗೊತ್ತಿತ್ತೇ? ಗೊತ್ತಿತ್ತು ಎಂದರೆ ಪಾಪ, ಅವನಿಗೆ ಅನ್ಯಾಯ ಮಾಡಿದ ಹಾಗೆ. ಗೊತ್ತಿರಲಿಲ್ಲ ಎಂದರೆ ನಾನು ಸುಳ್ಳು ಹೇಳಿದ ಹಾಗೆ. ಮನೆಯಲ್ಲಿ ಹೆಂಡತಿ ರಾಮಮ್ಮ ಮೂರು ಸಲ ಕರೆದ ಮೇಲೆ ತಿರುಗುತ್ತಿದ್ದ. "ಒಲೆ ಮೇಲೆ ಕುಕ್ಕರ್ ಆರು ವಿಶಲ್ ಹಾಕ್ತು, ಪಕ್ಕದಲ್ಲೇ ಕೂತಿದೀರಲ್ಲ, ಆರಿಸ್ಬಾರ್ದಾ?" ಎಂದು ಆಕೆ ರೇಗಿದರೆ, "ಆರಿಸು ಅಂತ ನೀನು ಹೇಳ್ಲಿಲ್ವಲ್ಲ" ಎಂದು ಜಾರಿಕೊಳ್ಳುತ್ತಿದ್ದ. ಈಗಿನ ಜನರೆಲ್ಲ ಬಾಯೊಳಗೇ ಮಾತಾಡುತ್ತಾರೆ ಎಂಬುದು ಅವನ ದೊಡ್ಡ ದೂರಾಗಿತ್ತು. ಶೆಡ್ಡಿನಲ್ಲಿ ಪೆಟ್ಟು ಹಾಕುವಾಗ ಇನ್ನೊಂದು ಕೈಯ ಬೆರಳನ್ನು ತಂತಿಗೆ ತಾಗಿಸಿಕೊಳ್ಳುವ ಹೊಸ ಅಭ್ಯಾಸವೂ ಶುರುವಾಗಿತ್ತು. ನಡುಕ ಬೆರಳಿಗೆ ಗೊತ್ತಾಗುತ್ತದೆ, ಕೈಯೂ ಕೇಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಹಾಗಿರುವಾಗ ಶಿವರಾತ್ರಿ ಕಳೆದ ಮೇಲಿನ ಒಂದು ಬುಧವಾರ ಬೆಳಗ್ಗೆ ಶ್ರೀಗಂಧದ ಕಾವಲಿನ ವರಲಕ್ಷ್ಮಿ ತನ್ನ ಮಿನಿ ಟ್ರ್ಯಾಕ್ಟರನ್ನು ಟೆಂಪೋದ ಹಿಂದೆ ಕಟ್ಟಿ ಎಳೆಸಿಕೊಂಡು ಬಂದಳು. ಅದರ ಮುಂದಿನ ಎರಡು ಚಕ್ರಗಳಲ್ಲಿ ಒಂದು ಮಾಗಡಿ ಕಡೆಗೆ ಮುಖ ಮಾಡಿತ್ತು, ಇನ್ನೊಂದು ಮೈಸೂರಿಗೆ ಹೊರಟಿತ್ತು.

ವರಲಕ್ಷ್ಮಿಗೆ ನಲವತ್ತರ ಆಸುಪಾಸು. ಮಾಗಡಿ ರಸ್ತೆಯ ನಡುವಿನ ಮೀಡಿಯನ್ನಿನಲ್ಲಿ ನೆಟ್ಟ ಗಿಡಗಳಿಗೆ ನೀರು ಹಾಕುವ ಕೆಲಸ ಅವಳದು. ಮೊದಲು ಗಂಡ ರವಿಕುಮಾರ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಅವನ ಸೊಂಟ ಹಿಡಿದುಕೊಂಡ ಮೇಲೆ ಇವಳೇ ಹತ್ತಿ ಕೂತಳು. ಹಿಂದೆ ಎರಡು ಸಾವಿರ ಲೀಟರಿನ ನೀರಿನ ಟ್ಯಾಂಕು ಕಟ್ಟಿಕೊಂಡು, ಚೂಡಿದಾರದ ಮೇಲೆ ಗಂಡನ ಹಳೇ ಅಂಗಿ ತೊಟ್ಟು, ಬಸ್ಸು ಲಾರಿಗಳ ನಡುವೆ ಗದರಿಕೊಂಡು ಹೋಗುವ ಹೆಂಗಸು ಅವಳು. ಹಿಂದಿನ ದಿನ ಆಟೋ ಒಂದನ್ನು ತಪ್ಪಿಸಲು ಹೋಗಿ ಮೀಡಿಯನ್ನಿನ ಕಲ್ಲಿಗೆ ಮುಂದಿನ ಚಕ್ರ ಬಡಿದಿತ್ತು.

ಅಂಜಿನಯ್ಯ ನೆಲಕ್ಕೆ ಗೋಣಿ ಹಾಸಿ ಕೆಳಗೆ ತೂರಿ ನೋಡಿದ. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿಗೆ ಏನೂ ಆಗಿರಲಿಲ್ಲ. ಚಕ್ರವನ್ನು ತಿರುಗಿಸುವ ಸ್ಟೀರಿಂಗ್ ಆರ್ಮು, ಒಂದೂವರೆ ಗೇಣಿನ ಕಬ್ಬಿಣದ ತೋಳು, ನಡುವೆ ಬಗ್ಗಿತ್ತು.

"ಇದನ್ನ ಹೊಸದೇ ಹಾಕ್ಬೇಕು ಕಣಮ್ಮ. ಇದು ಮುರೀತು ಅಂದ್ರೆ ನೀನು ಸ್ಟೀರಿಂಗ್ ಎಷ್ಟು ತಿರುಗಿಸಿದ್ರೂ ಚಕ್ರ ತನ್ನ ಪಾಡಿಗೆ ತಾನು ಹೋಗುತ್ತೆ."

"ಹಳೇ ಮಾಡೆಲ್ ಅಣ್ಣ, ಹತ್ತು ದಿನ ಆಗುತ್ತಂತೆ ಬರೋಕೆ. ಈ ಬಿಸಿಲಿಗೆ ಹತ್ತು ದಿನ ನೀರಿಲ್ದೆ ಗಿಡ ಇರುತ್ತಾ? ಒಣಗಿದ್ರೆ ಕೆಲಸ ಬೇರೆಯವ್ರಿಗೆ ಕೊಟ್ಬಿಡ್ತಾರೆ." ಅವಳು ಸೊಂಟದ ಮೇಲಿನ ಕೈ ತೆಗೆದು ಸ್ವಲ್ಪ ದನಿ ತಗ್ಗಿಸಿದಳು. "ಎಲ್ರೂ ನಿಮ್ಮ ಹತ್ರಾನೇ ಹೋಗು ಅಂದ್ರು. ಅಂಜಿನಯ್ಯ ಗಟ್ಟಿ ಅಂದ್ರೆ ಕಣ್ಣು ಮುಚ್ಕೊಂಡು ಓಡಿಸು ಅಂದ್ರು."

ದನಿ ತಗ್ಗಿಸಿದ್ದರಿಂದ ಅವಳ ಮಾತು ಅರ್ಧ ಅವನಿಗೆ ಮುಟ್ಟಲಿಲ್ಲ. ತುಟಿ ನೋಡಿಕೊಂಡಿದ್ದರಿಂದ ತನ್ನ ಹೆಸರು ಮಾತ್ರ ಗೊತ್ತಾಯಿತು. ಅಷ್ಟಕ್ಕೇ ಮುದುಕ ಉಬ್ಬಿಹೋದ.

"ಬೆಂಕಿ ತೋರಿಸಲ್ಲ. ತಣ್ಣಗೇ ಒತ್ತುತೀನಿ" ಎಂದ. "ಆಮೇಲೆ ಕೇಳಿಸ್ಕೊಂಡು ಹೇಳ್ತೀನಿ. ಒಡಕು ಅಂತ ಬಂದ್ರೆ ನೀನು ಅಳ್ತಾ ಕೂತ್ರೂ ಹಾಕಿಕೊಡಲ್ಲ."

ಕೆಲಸದಲ್ಲಿ ಅವನನ್ನು ಬೈಯುವ ಹಾಗಿರಲಿಲ್ಲ. ಆ ಕಡೆಯ ಚಕ್ರದ ಒಳ್ಳೆಯ ಆರ್ಮನ್ನು ಬಿಚ್ಚಿ ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದ. ರಟ್ಟು ಕತ್ತರಿಸಿ, ಮಗುಚಿ ಹಾಕಿದರೆ ಈ ಕಡೆಯ ಆರ್ಮಿನ ಅಳತೆ ಸಿಕ್ಕಿತು. ಬಗ್ಗಿದ್ದನ್ನು ಪ್ರೆಸ್ಸಿನ ಕೆಳಗಿಟ್ಟು, ಇಷ್ಟಿಷ್ಟೇ ಒತ್ತಿ, ಬಿಟ್ಟು, ರಟ್ಟಿನ ಮೇಲಿಟ್ಟು ನೋಡಿ, ಮತ್ತೆ ಒತ್ತಿದ. ಕಬ್ಬಿಣ ಹಟಮಾರಿ, ಒತ್ತಿದಷ್ಟು ಬಂದು ಬಿಟ್ಟ ಕೂಡಲೇ ಸ್ವಲ್ಪ ಹಿಂದಕ್ಕೆ ಹೋಗುತ್ತದೆ. ಅದರ ಜೊತೆ ಒಂದೂವರೆ ಗಂಟೆ ಗುದ್ದಾಡಿ, ರಟ್ಟಿನ ಗೆರೆಗೆ ಕೂದಲಷ್ಟೂ ವ್ಯತ್ಯಾಸವಿಲ್ಲದಂತೆ ತಂದು ಕೂರಿಸಿದ. ವರಲಕ್ಷ್ಮಿ ಮಗುಚಿದ ಎಣ್ಣೆ ಡಬ್ಬದ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದಳು.

ಆಮೇಲೆ ಆರ್ಮನ್ನು ತಂತಿಗೆ ತೂಗುಹಾಕಿ ಎಡಗೈ ಎತ್ತಿದ. ಲೇತ್ ನಿಂತಿತು. ಗ್ರೈಂಡರ್ ನಿಂತಿತು. ವರಲಕ್ಷ್ಮಿ ಎದ್ದು ನಿಂತು, ಯಾರೂ ಹೇಳದಿದ್ದರೂ ಕೈ ಮುಗಿದಳು. ಅಂಜಿನಯ್ಯ ಕಣ್ಣು ಮುಚ್ಚಿ ಹೊಡೆದ.

ಸುತ್ತಿಗೆ ತಾಗಿದ 'ಟಕ್' ಎಂಬುದಷ್ಟೇ ಕೇಳಿಸಿತು. ಅದರ ಹಿಂದೆ ಎಳೆಯಬೇಕಾದ ನಾದಕ್ಕಾಗಿ ಕಾದ. ಬರಲಿಲ್ಲ. ತಂತಿಯ ಮೇಲಿಟ್ಟ ಬೆರಳಿಗೆ ಏನೋ ನಡುಗಿದ ಹಾಗಿತ್ತು, ಅದು ಕಬ್ಬಿಣದ ನಡುಕವೋ ತನ್ನ ಬೆರಳಿನದೋ ತಿಳಿಯಲಿಲ್ಲ. ಇನ್ನೊಂದು ಪೆಟ್ಟು ಹಾಕಬಹುದಿತ್ತು. ಆದರೆ ಅಂಜಿನಯ್ಯ ಎರಡನೇ ಪೆಟ್ಟು ಹಾಕಿದನಂತೆ ಎಂಬುದು ಸಂಜೆಯೊಳಗೆ ಇಡೀ ಎಸ್ಟೇಟಿನಲ್ಲಿ ಸುದ್ದಿಯಾಗುತ್ತಿತ್ತು. ನಲವತ್ತು ವರ್ಷದಲ್ಲಿ ಅವನು ಒಂದೇ ಸಾಮಾನಿಗೆ ಎರಡು ಸಲ ಹೊಡೆದಿರಲಿಲ್ಲ. ಕಣ್ಣು ತೆರೆದ. ಎದುರಿಗೆ ಮುಗಿದ ಕೈಗಳು ಹಾಗೇ ಇದ್ದವು.

"ಗಟ್ಟಿ" ಎಂದ.

ಆರ್ಮು ಕೂರಿಸಿ, ನಟ್ಟು ಬಿಗಿದು, ನಟ್ಟು ಕಳಚದಂತೆ ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡು ಕಾಲನ್ನೂ ಮಡಚಿ ಕಳಿಸಿದಾಗ ಹನ್ನೊಂದು ಗಂಟೆ. ಟ್ರ್ಯಾಕ್ಟರಿನ ಎರಡು ಚಕ್ರಗಳೂ ಒಂದೇ ಊರಿಗೆ ಹೊರಟವು. ಅವಳು ಹೋದ ಮೇಲೆ ಅಂಜಿನಯ್ಯ ತುಂಬ ಹೊತ್ತು ಕೈ ತೊಳೆಯುತ್ತ ನಿಂತಿದ್ದ.

ಮಧ್ಯಾಹ್ನ ರಾಮಮ್ಮ ಕಟ್ಟಿಕೊಟ್ಟ ಮುದ್ದೆ, ಬಸ್ಸಾರು ತೆರೆಯುವಷ್ಟರಲ್ಲಿ ಶ್ಯಾಮಸುಂದರ ಒಂದು ಶಾಫ್ಟ್ ಹಿಡಿದುಕೊಂಡು ಬಂದ. ನಲವತ್ತೈದರ ಈ ಶ್ಯಾಮಸುಂದರ ಮಾತಿನ ಮಲ್ಲ, ಆದರೆ ಅಂಜಿನಯ್ಯನೆಂದರೆ ದೇವರ ಹಾಗೆ ನೋಡುವವನು.

"ಅಣ್ಣ, ಊಟ ಆಮೇಲೆ. ಇದನ್ನೊಂದು ಸ್ವಲ್ಪ ಕೇಳಿ ಹೇಳಿ."

ಅಂಜಿನಯ್ಯ ತೂಗುಹಾಕಿದ, ಬೆರಳು ತಾಗಿಸಿದ, ಹೊಡೆದ. ಟಕ್. ಬೆಳಗಿನ ಹಾಗೇ.

"ಗಟ್ಟಿ ಇದೆ, ಹೋಗು" ಎಂದ.

ಶ್ಯಾಮಸುಂದರ ಹೊಟ್ಟೆ ಹಿಡಿದುಕೊಂಡು ನಕ್ಕ. "ತಮಾಷೆ ಮಾಡ್ಬೇಡಿ ಅಣ್ಣ! ಒಡೆದ ಮಡಕೆ ಬಡಿದಂಗೆ ಬಡೀತಾ ಇದೆ, ನನಗೇ ಗೊತ್ತಾಗುತ್ತೆ. ಒಡಕು ಯಾವ ಕಡೆ ಅಂತ ಕೇಳೋಕೆ ಬಂದೆ ನಾನು."

ಅಂಜಿನಯ್ಯನೂ ನಕ್ಕ. ನಗಲೇಬೇಕಿತ್ತು. "ನಿನ್ನ ಕಿವಿ ಹೇಗಿದೆ ನೋಡೋಣ ಅಂತ ಅಂದೆ ಕಣೋ" ಎಂದು ಅವನ ಬೆನ್ನು ತಟ್ಟಿದ. ಆಮೇಲೆ, ಏನೂ ಆಗದವನ ಹಾಗೆ, "ಬೆಳಗ್ಗೆ ಆ ಆರ್ಮ್ ಹೊಡೆದ್ನಲ್ಲ, ಕೇಳಿಸ್ತಾ ನಿನಗೆ?" ಎಂದ.

"ಎಲ್ಲಣ್ಣ? ನೀವು ಕೈ ಎತ್ತಿದ್ರಿ, ನಾನು ಲೇತ್ ಆರಿಸಿ ಟೀ ಕುಡಿಯೋಕೆ ಹೋದೆ. ನೀವು ಕೇಳೋವಾಗ ನಾವ್ಯಾಕೆ ಕೇಳ್ಬೇಕು?"

ಶಾಫ್ಟನ್ನು ಅಲ್ಲೇ ಬಿಟ್ಟು ಅವನು ಊಟಕ್ಕೆ ಹೋದ. ಅಂಜಿನಯ್ಯ ಮೂಲೆಯಿಂದ ಒಂದು ಹೊಸ ಸಲಾಕೆ ತಂದು ಶಾಫ್ಟಿನ ಪಕ್ಕಕ್ಕೆ ತೂಗುಹಾಕಿದ. ಸಲಾಕೆಗೆ ಹೊಡೆದ, ಟಕ್. ಒಡೆದ ಶಾಫ್ಟಿಗೆ ಹೊಡೆದ, ಟಕ್. ಕಿವಿಯನ್ನು ಕಬ್ಬಿಣಕ್ಕೆ ಒತ್ತಿಕೊಂಡು ಹೊಡೆದ. ಬೆರಳು ಇಟ್ಟು, ಬೆರಳು ತೆಗೆದು ಹೊಡೆದ. ಗಟ್ಟಿಯೂ ಒಡಕೂ ಅವನಿಗೆ ಒಂದೇ ಆಗಿಹೋಗಿತ್ತು. ಅಂಜಿನಯ್ಯನಿಗೆ ಹೆದರಿಕೆಯಾಯಿತು. ತನ್ನ ಕಿವಿಗಾಗಿ ಆದ ಹೆದರಿಕೆ ಅದಾಗಿರಲಿಲ್ಲ. ಸುಮನಹಳ್ಳಿಯ ಇಳಿಜಾರಿನಲ್ಲಿ ತುಂಬಿದ ಟ್ಯಾಂಕಿನ ಭಾರ ಹಿಂದಿನಿಂದ ದೂಡುತ್ತಿರುವಾಗ, ಗಂಡನ ಅಂಗಿ ತೊಟ್ಟ ಆ ಹೆಂಗಸು ಸ್ಟೀರಿಂಗ್ ತಿರುಗಿಸಿದರೂ ತಿರುಗದ ಚಕ್ರ ಅವನ ಕಣ್ಣಿಗೆ ಕಟ್ಟಿತು. ಮುದ್ದೆ ಮುಟ್ಟಲಿಲ್ಲ.

ಫೋನು ತೆಗೆದು ಅವಳ ನಂಬರಿಗೆ ಮಾಡಿದ. ಕಿವಿಗೆ ಒತ್ತಿಕೊಂಡ. ಏನೋ ಗುಯ್ಯೆನ್ನುವ ಸದ್ದು. ರಿಂಗಾಗುತ್ತಿದೆಯೋ, ಯಾರಾದರೂ ಎತ್ತಿದರೋ ಗೊತ್ತಾಗಲಿಲ್ಲ. "ಅಮ್ಮಾ, ಗಾಡಿ ನಿಲ್ಸು" ಎಂದು ಎರಡು ಸಲ ಕೂಗಿ ನೋಡಿದ. ಯಾರಿಗೆ ಕೂಗಿದೆನೆಂದೇ ಅವನಿಗೆ ತಿಳಿಯದು. ಬೇರೆ ದಾರಿಯಿಲ್ಲದೆ ಪಕ್ಕದ ಶೆಡ್ಡಿಗೆ ಹೋದ.

ಅಲ್ಲಿಯವರೆಗೂ ನಿಜ ಹೇಳಬೇಕೆಂದೇ ಹೋದದ್ದು. ಶ್ಯಾಮಸುಂದರ ಊಟದ ಡಬ್ಬಿಯಿಂದ ತಲೆಯೆತ್ತಿ "ಬನ್ನಿ ಗುರುಗಳೇ" ಎಂದದ್ದೇ ತಡ, ನಾಲಿಗೆ ತಿರುಗಿಬಿಟ್ಟಿತು.

"ಆ ಟ್ರ್ಯಾಕ್ಟರ್ ಹೆಂಗಸಿಗೆ ಫೋನ್ ಮಾಡೋ. ಗಾಡಿ ನಿಲ್ಸೋಕೆ ಹೇಳು. ಸ್ಪ್ಲಿಟ್ ಪಿನ್ ಹಾಕೋದು ಮರೆತ್ಬಿಟ್ಟೆ. ನನ್ನ ಫೋನಿನ ಸ್ಪೀಕರ್ ಹೋಗಿದೆ."

ಒಂದೇ ಉಸಿರಿನಲ್ಲಿ ಎರಡು ಸುಳ್ಳು. ಶ್ಯಾಮಸುಂದರ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೇ ಹಾಕಿದ. "ನೀವು? ಸ್ಪ್ಲಿಟ್ ಪಿನ್ ಮರೆತ್ರಾ?" ಎಂದು ಕಣ್ಣರಳಿಸಿದ. ನಂಬರಿಗೆ ಮೂರು ಸಲ ಮಾಡಿದ. ಅವಳು ಎತ್ತಲಿಲ್ಲ. "ಟ್ರ್ಯಾಕ್ಟರ್ ಮೇಲೆ ಕೂತಿದ್ರೆ ಆ ಸದ್ದಲ್ಲಿ ಫೋನ್ ಎಲ್ಲಿ ಕೇಳ್ಸುತ್ತೆ ಅಣ್ಣ? ನಡೀರಿ, ಹೋಗೇ ಬರೋಣ."

ಸಾಮಾನಿನ ಚೀಲ, ಜಾಕಿ ಎತ್ತಿಕೊಂಡು ಇಬ್ಬರೂ ಸ್ಕೂಟರ್ ಹತ್ತಿದರು. ಮಾಗಡಿ ರಸ್ತೆ ಆ ಹೊತ್ತಿನಲ್ಲಿ ಎಂದಿನ ಹಾಗೆ ಗಿಜಿಗುಡುತ್ತಿತ್ತು. ಕಾಮಾಕ್ಷಿಪಾಳ್ಯದ ಸಿಗ್ನಲ್ಲಿನಲ್ಲಿ ನಿಂತಾಗ ಅಂಜಿನಯ್ಯ ಹಿಂದಿನ ಸೀಟಿನಿಂದ ಕತ್ತು ಚಾಚಿ ಮುಂದೆ ಜನ ಗುಂಪುಗೂಡಿದ್ದಾರೆಯೇ ಎಂದು ನೋಡಿದ. ಎಲ್ಲೋ ನಾಲ್ಕು ಜನ ಸೇರಿದ್ದರು. ಹತ್ತಿರ ಹೋಗಿ ನೋಡಿದರೆ ಅದು ಕಲ್ಲಂಗಡಿ ಗಾಡಿ. ಸುಮನಹಳ್ಳಿ ದಾಟುವವರೆಗೂ ಅವನು ಉಸಿರು ಬಿಟ್ಟದ್ದು ನನಗಂತೂ ಅನುಮಾನ.

ವರಲಕ್ಷ್ಮಿ ಸಿಕ್ಕಿದ್ದು ಶ್ರೀಗಂಧದ ಕಾವಲಿಗೆ ತಿರುಗುವ ಮೊದಲು. ಟ್ರ್ಯಾಕ್ಟರನ್ನು ಮೀಡಿಯನ್ನಿನ ಪಕ್ಕದಲ್ಲಿ ತೆವಳಿಸಿಕೊಂಡು, ಗಿಡ ಬಂದಾಗ ನಿಲ್ಲಿಸಿ, ಇಳಿದು ಪೈಪು ಹಿಡಿಯುತ್ತ ಹೋಗುತ್ತಿದ್ದಳು. ಆಗಷ್ಟೇ ಮತ್ತೆ ಹತ್ತಿ ಕೂತಿದ್ದಳು. ಅಂಜಿನಯ್ಯ ಸ್ಕೂಟರ್ ಪೂರ್ತಿ ನಿಲ್ಲುವ ಮೊದಲೇ ಹಾರಿ, ಟ್ರ್ಯಾಕ್ಟರಿನ ಮುಂದೆ ಎರಡು ಕೈ ಅಗಲಿಸಿ ನಿಂತ. ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಒತ್ತಿ ಒತ್ತಿ ಬೈದುಕೊಂಡು ಹೋದ. ಯಾವುದೂ ಇವನ ತಲೆಗೆ ಹೋಗಲಿಲ್ಲ.

"ಏನಣ್ಣ ಇದು, ರೋಡಿನ ಮಧ್ಯ?" ಅವಳು ಇಂಜಿನ್ ಆರಿಸಿದಳು.

"ಇಳೀಮ್ಮ. ಸ್ಪ್ಲಿಟ್ ಪಿನ್ ಹಾಕೋದು ಮರೆತಿದೀನಿ" ಎಂದ ಅಂಜಿನಯ್ಯ.

ವರಲಕ್ಷ್ಮಿ ಇಳಿದು ಬಗ್ಗಿ ಚಕ್ರದೊಳಗೆ ಇಣುಕಿದಳು. ಒಂದೂವರೆ ಗಂಟೆ ಡಬ್ಬದ ಮೇಲೆ ಕೂತು ನೋಡಿದವಳು, ಯಾವುದು ಎಲ್ಲಿದೆ ಎಂದು ಅವಳಿಗೆ ಕಲಿಸಬೇಕಾಗಿರಲಿಲ್ಲ. "ಇದೆಯಲ್ಲಣ್ಣ, ಇಲ್ಲೇ. ಎರಡೂ ಕಾಲು ಮಡಚಿದೀರ."

ಶ್ಯಾಮಸುಂದರನೂ ಬಗ್ಗಿ ನೋಡಿದ. ಪಿನ್ನು ಇತ್ತು. ಅಂಜಿನಯ್ಯ ಮಾತ್ರ ಮಡಚುವ ಹಾಗೆ, ಒಂದು ಕಾಲು ನಟ್ಟಿನ ಮೇಲಕ್ಕೆ, ಇನ್ನೊಂದು ಕೆಳಕ್ಕೆ, ತುದಿ ಯಾರ ಕೈಗೂ ಗೀರದಂತೆ ಒಳಗೆ ಸಿಕ್ಕಿಸಿ ಮಡಚಿತ್ತು. ಶ್ಯಾಮಸುಂದರ ನೆಟ್ಟಗೆ ನಿಂತು ಅಂಜಿನಯ್ಯನ ಮುಖ ನೋಡಿದ. ಸ್ವಂತ ಅಚ್ಚುಕಟ್ಟುತನದಿಂದಲೇ ಸಿಕ್ಕಿಬಿದ್ದ ಕಳ್ಳನನ್ನು ಅವನು ಅದೇ ಮೊದಲು ನೋಡುತ್ತಿದ್ದಿರಬೇಕು.

"ಅಣ್ಣ, ಏನು ವಿಷಯ?" ಎಂದ, ಮೆಲ್ಲಗೆ.

ಮೆಲ್ಲಗೆ ಕೇಳಿದ್ದರೂ ಅಂಜಿನಯ್ಯನಿಗೆ ಅರ್ಥವಾಯಿತು. ಅವನು ಟ್ರ್ಯಾಕ್ಟರಿನ ಬಾನೆಟ್ ಮೇಲೆ ಕೈಯಿಟ್ಟ. ಬಿಸಿ ಸುಡುತ್ತಿತ್ತು, ತೆಗೆಯಲಿಲ್ಲ.

"ಬೆಳಗ್ಗೆ ಇದು ಗಟ್ಟಿ ಅಂದ್ನಲ್ಲಮ್ಮ. ನನಗೆ ಏನೂ ಕೇಳಿಸ್ಲಿಲ್ಲ. ಗಟ್ಟಿನೋ ಒಡಕೋ ನನಗೆ ಗೊತ್ತಿಲ್ಲ. ಸುಮ್ಮನೆ ಅಂದ್ಬಿಟ್ಟೆ."

ವರಲಕ್ಷ್ಮಿ ಮೊದಲು ನಂಬಲಿಲ್ಲ. ಶ್ಯಾಮಸುಂದರನ ಕಡೆ ನೋಡಿದಳು, ಅವನ ಬಾಯಿ ತೆರೆದೇ ಇತ್ತು. ಆಮೇಲೆ ಅವಳ ಮುಖ ಕೆಂಪಾಯಿತು.

"ಕೈ ಮುಗಿದು ನಿಂತಿದ್ನಲ್ಲಣ್ಣ ನಿಮ್ಮೆದುರಿಗೆ!" ಎಂದಳು. "ಎರಡು ಲೋಡ್ ನೀರು ತಂದೆ ಆ ಇಳಿಜಾರಲ್ಲಿ. ಪಕ್ಕದಲ್ಲಿ ಬೈಕ್‌ನೋರು, ನಡ್ಕೊಂಡು ಹೋಗೋರು. ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರೆ ನಾನೇನು ನಿಮ್ಮನ್ನ ತಿಂದ್ಬಿಡ್ತಿದ್ನಾ?"

ಇದು ಅವನಿಗೆ ಚೆನ್ನಾಗಿ ಕೇಳಿಸಿತು, ಅಷ್ಟು ಜೋರಾಗಿ ಕೂಗಿದಳು. ತಲೆ ತಗ್ಗಿಸಿ ಸಾಮಾನಿನ ಚೀಲ ಬಿಚ್ಚತೊಡಗಿದ.

ಶ್ಯಾಮಸುಂದರನೇ ಮುಂದಾಗಿ ಟ್ರ್ಯಾಕ್ಟರನ್ನು ಮೆಲ್ಲಗೆ ಪಕ್ಕದ ಅಡ್ಡರಸ್ತೆಗೆ ತಂದು ನಿಲ್ಲಿಸಿದ. ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಹಾಕಿ, ಮೂವರೂ ಸೇರಿ ಆರ್ಮು ಬಿಚ್ಚಿದರು. ಮೊದಲು ಅದನ್ನು ಡೀಸೆಲ್ಲಿನಲ್ಲಿ ನೆನೆಸಿ, ಒರೆಸಿ, ಅಂಗಡಿಯಿಂದ ತಂದ ಸೀಮೆಸುಣ್ಣ ಉಜ್ಜಿ ಕಾದರು. ಬಿರುಕಿದ್ದರೆ ಒಳಗೆ ಹೋದ ಡೀಸೆಲ್ ಸುಣ್ಣದ ಮೇಲೆ ಕಪ್ಪು ಗೆರೆಯಾಗಿ ಹೊರಗೆ ಬರುತ್ತದೆ. ಇಷ್ಟು ವರ್ಷ ಅಂಜಿನಯ್ಯ ಅದನ್ನು ಕಿವಿಯಿಲ್ಲದವರ ಕೆಲಸ ಎಂದು ಅಣಕಿಸುತ್ತಿದ್ದ. ಈಗ ಅವನೇ ಮೊಣಕಾಲೂರಿ ಕೂತು, ಕನ್ನಡಕ ಒರೆಸಿಕೊಂಡು, ಆ ಬಿಳಿಯ ಮೇಲೆ ಗೆರೆ ಹುಡುಕಿದ. ಹದಿನೈದು ನಿಮಿಷ ಕಳೆದರೂ ಗೆರೆ ಬರಲಿಲ್ಲ.

"ಹೊಡಿ" ಎಂದ ಶ್ಯಾಮಸುಂದರನಿಗೆ. "ನೀನು ಹೊಡಿ. ನೀನೇ ಕೇಳು."

ಒಂದು ಗೇಟಿನ ಕಂಬಿಗೆ ತಂತಿ ಕಟ್ಟಿ ಆರ್ಮನ್ನು ತೂಗುಹಾಕಿದರು. ಶ್ಯಾಮಸುಂದರ ಹೊಡೆದ. ಅಂಜಿನಯ್ಯ ಅವನ ಮುಖವನ್ನೇ ನೋಡುತ್ತಿದ್ದ. ಆ ಮುಖ ಮೊದಲು ಬಿಗಿಯಾಗಿತ್ತು, ಆಮೇಲೆ ಸಡಿಲವಾಯಿತು, ಆಮೇಲೆ ತುಂಬ ಹೊತ್ತು ಹಾಗೇ ಇತ್ತು. ವರಲಕ್ಷ್ಮಿಯೂ ತಲೆ ಓರೆ ಮಾಡಿ ಕೇಳುತ್ತಿದ್ದಳು. ಗೇಟಿನೊಳಗೆ ಬಟ್ಟೆ ಒಣಗಿಸುತ್ತಿದ್ದ ಹೆಂಗಸೊಬ್ಬಳು ಕೂಡ ತಿರುಗಿ ನೋಡಿದಳು. ಆ ಬೀದಿಯಲ್ಲಿದ್ದವರಿಗೆಲ್ಲ ಅದು ಕೇಳಿಸುತ್ತಿತ್ತು, ಅಂಜಿನಯ್ಯನೊಬ್ಬನಿಗೆ ಬಿಟ್ಟು. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಬಡಿಸಿ ತನ್ನ ಎಲೆ ದಾಟಿಹೋದ ಹಾಗಾಯಿತು ಅವನಿಗೆ.

"ಗಟ್ಟಿ ಅಣ್ಣ!" ಶ್ಯಾಮಸುಂದರ ಕೂಗಿದ. "ಗಂಟೆ ಹೊಡೆದಂಗಿದೆ. ನೀವು ಹೇಳಿದ್ದೇ ಸರಿ!"

ಸರಿ ಎಂಬುದು ನಿಜ. ಅಂಜಿನಯ್ಯ ಹೇಳಿದ್ದರಿಂದ ಅದು ಗಟ್ಟಿಯಾಗಿರಲಿಲ್ಲ ಎಂಬುದೂ ಅಷ್ಟೇ ನಿಜ. ಅವನು ಒಡಕು ಎಂದಿದ್ದರೂ ಆ ಕಬ್ಬಿಣ ಹೀಗೇ ಮೊಳಗುತ್ತಿತ್ತು.

ಆರ್ಮು ಮತ್ತೆ ಅದರ ಜಾಗಕ್ಕೆ ಹೋಯಿತು. ಹೊಸದು ಬಂದ ದಿನವೇ ಇದನ್ನು ಬಿಚ್ಚಿಸುತ್ತೇನೆ, ಅಲ್ಲಿಯವರೆಗೆ ಅರ್ಧ ಟ್ಯಾಂಕು ಮಾತ್ರ ತುಂಬಿಸುತ್ತೇನೆ ಎಂದು ವರಲಕ್ಷ್ಮಿ ತಾನೇ ತೀರ್ಮಾನ ಮಾಡಿಕೊಂಡಳು. ಅವಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಪೈಪು ಹಿಡಿದು ಮುದುಕನ ಕೈಗೆ ನೀರು ಬಿಟ್ಟಳು.

"ಬಿಡಿ ಅಣ್ಣ, ಇಲ್ಲಿಗೆ ಮುಗೀತು" ಎಂದ ಶ್ಯಾಮಸುಂದರ, ಅವನ ಕಿವಿಯ ಹತ್ತಿರ ಬಂದು. "ನಾನು ಯಾರಿಗೂ ಹೇಳಲ್ಲ, ಇವರೂ ಹೇಳಲ್ಲ. ನಾಳೆಯಿಂದ ನೀವು ಕೈ ಎತ್ತಿ ಹೊಡೀರಿ. ನಾನು ಪಕ್ಕದಲ್ಲಿ ನಿಂತು ಕಣ್ಣಲ್ಲೇ ಹೇಳ್ತೀನಿ. ನೀವು ಬಾಯಲ್ಲಿ ಹೇಳಿ. ಯಾರಿಗೆ ಗೊತ್ತಾಗುತ್ತೆ?"

ಪ್ರೀತಿಯಿಂದ ಹೇಳಿದ ಮಾತು ಅದು. ಅಂಜಿನಯ್ಯನ ಕಣ್ಣಲ್ಲಿ ನೀರು ಬಂತು. ಮುಚ್ಚುಮರೆ ಯಾಕೆ, ಅವನು ಒಪ್ಪಿಕೊಂಡೇಬಿಟ್ಟಿದ್ದ. ತಲೆಯಾಡಿಸಲು ಕತ್ತು ಅರ್ಧ ಬಗ್ಗಿತ್ತು ಕೂಡ. ಹೆಸರು ಉಳಿಯುತ್ತಿತ್ತು, ಶೆಡ್ಡು ನಡೆಯುತ್ತಿತ್ತು, ರಾಮಮ್ಮನಿಗೂ ಹೇಳಬೇಕಾಗಿರಲಿಲ್ಲ.

ಅಷ್ಟರಲ್ಲಿ ಅಡ್ಡರಸ್ತೆಯೊಳಗೆ ಹಳದಿ ಬಣ್ಣದ ಶಾಲೆಯ ವ್ಯಾನೊಂದು ಬಂತು. ಟ್ರ್ಯಾಕ್ಟರ್ ಅಡ್ಡ ನಿಂತಿದ್ದರಿಂದ ನಿಧಾನ ಮಾಡಿ, ಪಕ್ಕದಿಂದ ತೂರಿಕೊಂಡು ಹೋಯಿತು. ಕಿಟಕಿಯ ತುಂಬ ಮಕ್ಕಳು. ಒಂದು ಮಗು ಕಂಬಿಗೆ ಕೆನ್ನೆ ಒತ್ತಿಕೊಂಡು ಜಾಕಿಯನ್ನೇ ನೋಡುತ್ತ ಹೋಯಿತು.

ಅಂಜಿನಯ್ಯನ ಕತ್ತು ಅಲ್ಲೇ ನಿಂತಿತು. ಕಾರ್ತಿಕ ಮಾಸದಲ್ಲಿ ಬಸವೇಶ್ವರನಗರದ ಬಸವಲಿಂಗಪ್ಪ ಇಂಥದ್ದೇ ವ್ಯಾನಿನ ಸ್ಟೀರಿಂಗ್ ರಾಡು ತಂದಿದ್ದ. ಬಗ್ಗಿತ್ತು. ಒತ್ತಿ ನೆಟ್ಟಗೆ ಮಾಡಿದ್ದಾಯಿತು. ತೂಗುಹಾಕಿ, ಬೆರಳು ತಾಗಿಸಿ, ಹೊಡೆದು ಗಟ್ಟಿ ಎಂದದ್ದಾಯಿತು. ಆ ದಿನ ಏನಾದರೂ ಕೇಳಿಸಿತ್ತೇ? ಎಷ್ಟು ನೆನಪು ಮಾಡಿಕೊಂಡರೂ ಆ ದಿನದ ಸದ್ದು ಅವನಿಗೆ ನೆನಪಿಗೆ ಬರಲಿಲ್ಲ. ಅದಾದ ಮೇಲೆ ಕೆಂಗೇರಿಯ ತರಕಾರಿ ಟೆಂಪೋ. ದೀಪಾಂಜಲಿ ನಗರದ ಆಂಬುಲೆನ್ಸು. ಇನ್ನೂ ಯಾರು ಯಾರೋ. ಎಲ್ಲರಿಗೂ ಅವನು ಅದೇ ಒಂದು ಮಾತು ಹೇಳಿದ್ದ, ಎಲ್ಲರೂ ಅದನ್ನು ನಂಬಿ ರಸ್ತೆಯ ಮೇಲೆ ಓಡುತ್ತಿದ್ದರು.

"ಗಂಟೆ ಎಷ್ಟೋ?"

"ಮೂರೂಕಾಲು ಅಣ್ಣ."

"ಬಸವಲಿಂಗಪ್ಪಂಗೆ ಫೋನ್ ಮಾಡು. ಸ್ಕೂಲ್ ವ್ಯಾನಿನವ್ರು. ಆ ರಾಡ್ ನಂಬ್ಬೇಡಿ, ವ್ಯಾನ್ ತೆಗೀಬೇಡಿ ಅಂತ ಹೇಳು."

"ಯಾಕೆ ಅಂತ ಕೇಳಿದ್ರೆ?"

"ಅಂಜಿನಯ್ಯಂಗೆ ಕಿವಿ ಕೇಳಲ್ಲ ಅಂತ ಹೇಳು."

ಶ್ಯಾಮಸುಂದರ ಮಾಡಿದ. ಮಾತಾಡುತ್ತ ಮಾತಾಡುತ್ತ ಅವನ ಮುಖ ಸಪ್ಪಗಾಯಿತು. ಫೋನಿಗೆ ಕೈ ಅಡ್ಡ ಹಿಡಿದು ಅಂಜಿನಯ್ಯನ ಕಿವಿಗೆ ಕೂಗಿದ. "ನಗ್ತಾ ಇದಾರೆ ಅಣ್ಣ. ನಂಬ್ತಾ ಇಲ್ಲ. ಅಂಜಿನಯ್ಯ ಗಟ್ಟಿ ಅಂದ್ಮೇಲೆ ಗಟ್ಟೀನೇ, ನೀನ್ಯಾರಪ್ಪ ಹೊಟ್ಟೆಕಿಚ್ಚಿಗೆ ಹೇಳೋನು ಅಂತಾರೆ. ಸ್ಕೂಲ್ ಹತ್ರಾನೇ ಇದಾರೆ. ಮಕ್ಕಳು ಹತ್ತುತಾ ಇದಾರಂತೆ."

ಅಂಜಿನಯ್ಯ ಅವನ ಕೈಯಿಂದ ಫೋನು ಕಿತ್ತುಕೊಂಡ. ಕಿವಿಗೆ ಇಡಲಿಲ್ಲ, ಬಾಯಿಗೆ ಇಟ್ಟುಕೊಂಡ.

"ಬಸವಲಿಂಗಪ್ಪೋರೇ, ನಾನು ಅಂಜಿನಯ್ಯ. ನನಗೆ ಕಿವಿ ಕೇಳಲ್ಲ. ಒಂದು ವರ್ಷದಿಂದ ಕೇಳಲ್ಲ. ನಿಮ್ಮ ರಾಡ್ ಗಟ್ಟಿ ಅಂತ ನಾನು ಹೇಳಿದ್ದು ಸುಳ್ಳು. ಮಕ್ಕಳನ್ನ ಇಳಿಸಿ."

ಬಟ್ಟೆ ಒಣಗಿಸುತ್ತಿದ್ದ ಹೆಂಗಸು ಗೇಟಿಗೆ ಬಂದು ನಿಂತಳು. ಅಂಗಡಿಯವನು ಹೊರಗೆ ಬಂದ. ಎದುರು ಮನೆಯ ಮಹಡಿಯಿಂದ ಯಾರೋ ಬಗ್ಗಿ ನೋಡಿದರು. ಆ ಕಡೆಯಿಂದ ಏನು ಉತ್ತರ ಬಂತೆಂದು ಅಂಜಿನಯ್ಯನಿಗೆ ತಿಳಿಯಲು ದಾರಿಯಿರಲಿಲ್ಲ. ಅದಕ್ಕೇ ಇನ್ನೊಮ್ಮೆ ಕೂಗಿದ. ನನಗೆ ಕಿವಿ ಕೇಳಲ್ಲ, ಮಕ್ಕಳನ್ನ ಇಳಿಸಿ. ನಲವತ್ತು ವರ್ಷದಲ್ಲಿ ಯಾರೆದುರಿಗೂ ಎರಡನೇ ಪೆಟ್ಟು ಹಾಕದವನು ಅದೇ ಮಾತನ್ನು ನಾಲ್ಕು ಸಲ, ಐದು ಸಲ ಕೂಗಿದ. ಗಂಟಲು ಒಡೆಯಿತು. ವರಲಕ್ಷ್ಮಿ ಬಂದು ಅವನ ಮೊಣಕೈ ಹಿಡಿದುಕೊಂಡಳು.

ಶ್ಯಾಮಸುಂದರ ಮೆಲ್ಲಗೆ ಫೋನು ಬಿಡಿಸಿಕೊಂಡು ನೋಡಿದ. "ಅವರು ಆಗ್ಲೇ ಇಟ್ಬಿಟ್ರು ಅಣ್ಣ" ಎಂದು ಕೂಗಿ ಹೇಳಿದ. "ನೀವು ಮೊದಲ್ನೇ ಸಲ ಹೇಳಿದ್ ತಕ್ಷಣಾನೇ. 'ಅಯ್ಯೋ, ಇಳೀರೋ ಮಕ್ಳಾ' ಅಂತ ಕೂಗಿದ್ದು ಕೇಳಿಸ್ತು ನನಗೆ."

ಅಂಜಿನಯ್ಯ ಅವನ ತುಟಿಗಳನ್ನು ನೋಡಿದ. "ನಿಜವಾಗ್ಲೂ ಕೇಳಿಸ್ತೇನೋ?" ಎಂದ. "ಸುಮ್ಮನೆ ಹೇಳ್ಬೇಡ."

"ನಿಜವಾಗ್ಲೂ ಅಣ್ಣ."

ಅವನು ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು ಮುಖ ಒರೆಸಿಕೊಂಡ. "ಹಾಗಾದ್ರೆ ಆಂಬುಲೆನ್ಸಿನವ್ರಿಗೆ ಫೋನ್ ಹಾಕು" ಎಂದ.